ಯಾಂಕೀಸ್ ಮ್ಯಾನೇಜರ್ ಬೂನ್‌ನನ್ನು ಕಳಿಸಬೇಕಾ? ಇಲ್ಲಿ ಬೇಸ್‌ಬಾಲ್ ನೋಡುವವರು ಯಾರಾದರೂ ಇದ್ದೀರಾ?

ಕದ್ರಿಯವ:

ಬೈಯಬೇಡಿ, ಕ್ರಿಕೆಟ್ ಅಲ್ಲ. ನ್ಯೂಜೆರ್ಸಿಯಲ್ಲಿ 6 ವರ್ಷ ಕೆಲಸ ಮಾಡಿ ಬಂದವ ನಾನು. ಅಲ್ಲಿ ಹಿಡಿದ ಬೇಸ್‌ಬಾಲ್ ಹುಚ್ಚು ಕದ್ರಿಗೆ ಬಂದರೂ ಬಿಟ್ಟಿಲ್ಲ. ನ್ಯೂಯಾರ್ಕ್ ಯಾಂಕೀಸ್ ನನ್ನ ತಂಡ.

ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಮ್ಯಾನೇಜರ್ ಎಂದರೆ ಬಸ್ಸು, ಲಾಡ್ಜು ನೋಡಿಕೊಳ್ಳುವವನಲ್ಲ. ಯಾರು ಎಷ್ಟನೇ ನಂಬರಲ್ಲಿ ಬ್ಯಾಟ್ ಹಿಡಿಯಬೇಕು, ಬಾಲ್ ಎಸೆಯುವ ಪಿಚರ್‌ನನ್ನು ಯಾವಾಗ ಬದಲಿಸಬೇಕು, ಎಲ್ಲ ಅವನೇ ಹೇಳುವುದು. ಒಮ್ಮೆ ಹೊರಗೆ ಕರೆದ ಆಟಗಾರ ಆ ದಿನ ಮತ್ತೆ ಇಳಿಯುವ ಹಾಗಿಲ್ಲ. ಹಾಗಾಗಿ ತಪ್ಪಿದರೆ ತಪ್ಪಿತು.

ಆರನ್ ಬೂನ್ ಬಂದದ್ದು 2018ರ ಸೀಸನ್‌ಗೆ. 2025ಕ್ಕೆ 8 ಸೀಸನ್ ಆಯಿತು, ಕಪ್ ಇಲ್ಲ. ಅವನಿಗಿಂತ ಮೊದಲಿದ್ದ ಜೋ ಜಿರಾರ್ಡಿ 2009ರಲ್ಲಿ ಕಪ್ ಗೆದ್ದವ. 2017ರಲ್ಲಿ ಫೈನಲ್‌ಗೆ ಒಂದೇ ಗೆಲುವು ಬಾಕಿ ಇರುವಾಗ ಸೋತ. ಅವನನ್ನು ಮನೆಗೆ ಕಳಿಸಿದರು. ಇವನಿಗೆ ಮಾತ್ರ 2027ರವರೆಗೆ ಕರಾರು!

ನನ್ನ ಹೊಟ್ಟೆ ಉರಿಯುವುದು 2024ರ ಅಕ್ಟೋಬರ್ 31ಕ್ಕೆ. ಅಲ್ಲಿ 30ರ ರಾತ್ರಿ, ನಮಗೆ ನರಕ ಚತುರ್ದಶಿ ಬೆಳಿಗ್ಗೆ. ಡಾಡ್ಜರ್ಸ್ ತಂಡದ ಜೊತೆ ಫೈನಲ್, ಅಂದರೆ ಹಲವು ಆಟಗಳ ವರ್ಲ್ಡ್ ಸೀರೀಸ್, ಅದರ 5ನೇ ಆಟ. ತಲೆಗೆ ಎಣ್ಣೆ ಹಾಕಿಕೊಂಡು, ಟವೆಲ್ ಸುತ್ತಿಕೊಂಡು ಮೊಬೈಲ್ ಹಿಡಿದು ಕೂತಿದ್ದೆ. ಹಂಡೆಯಲ್ಲಿ ನೀರು ಕುದಿಯುತ್ತಿತ್ತು, ಅಮ್ಮ ಎರಡು ಸಲ ಕೂಗಿ ಆಗಿತ್ತು. 5-0 ಮುಂದೆ ಇದ್ದೆವು. ಸರಿ, ಸ್ನಾನ ಮಾಡಿ ಬರುವ ಅಂತ ಎದ್ದೆ. ಅಷ್ಟರಲ್ಲಿ 5ನೇ ಇನ್ನಿಂಗ್ಸ್. ನಮ್ಮ ಆಟಗಾರ ಆರನ್ ಜಡ್ಜ್ ಕೈಗೆ ಬಂದ ಸುಲಭದ ಕ್ಯಾಚ್ ಬಿಟ್ಟ. ವೋಲ್ಪೆ ಎಸೆತ ನೆಲಕ್ಕೆ ಬಿತ್ತು. ಆಮೇಲೆ ನೆಲದಲ್ಲಿ ಉರುಳಿದ ಒಂದು ಬಾಲ್ ರಿಜೊ ಹಿಡಿದ, ಆದರೆ ಹೊಡೆದವನನ್ನು ಔಟ್ ಮಾಡಲು ಫಸ್ಟ್ ಬೇಸ್‌ಗೆ (ಹೊಡೆದವ ಮೊದಲು ಓಡಿ ಮುಟ್ಟುವ ಜಾಗ) ಓಡಬೇಕಾಗಿದ್ದ ಪಿಚರ್ ಕೋಲ್ ನಿಂತಲ್ಲೇ ನಿಂತ! 5-5. ಎಣ್ಣೆ ಕಣ್ಣಿಗೆ ಇಳಿದದ್ದೂ ಗೊತ್ತಾಗಲಿಲ್ಲ. ಕೊನೆಗೆ 7-6ಕ್ಕೆ ಸೋತೆವು, ಕಪ್ ಹೋಯಿತು. ಆ ದಿನದ ಸಿಹಿ ಅವಲಕ್ಕಿ ನನಗೆ ಕಹಿ.

2025ರಲ್ಲಿ ಟೊರೊಂಟೊದ ಎದುರು 3-1ರಲ್ಲಿ ಸೋಲು. ಇನ್ನೂ ಎಷ್ಟು ಕಾಯುವುದು ಮಾರ್ರೆ?

ಸುರತ್ಕಲ್ ಲೋಕಲ್:

ಕ್ಯಾಚ್ ಬಿಟ್ಟದ್ದು ಜಡ್ಜ್, ಬೈಗುಳ ಬೂನ್‌ಗೆ. ಇದೆಂಥ ನ್ಯಾಯ?

ನಿಮಗೆ ಬೂನ್‌ನನ್ನು ಹಿಡಿಯಬೇಕೆಂದಿದ್ದರೆ ಅದೇ ಫೈನಲ್‌ನ 1ನೇ ಆಟ ಹಿಡಿಯಿರಿ. 10ನೇ ಇನ್ನಿಂಗ್ಸ್, ಯಾಂಕೀಸ್ 3-2 ಮುಂದೆ. ಪಿಚರ್ ಟಿಮ್ ಹಿಲ್ ರೆಡಿ ಇದ್ದ. ಅವನನ್ನು ಬಿಟ್ಟು, ಪೆಟ್ಟಾಗಿ ಒಂದು ತಿಂಗಳಿಗಿಂತ ಜಾಸ್ತಿ ಆಡದೆ ಕೂತಿದ್ದ ನೆಸ್ಟರ್ ಕೋರ್ಟೆಸ್‌ನನ್ನು ಇಳಿಸಿದ. ಡಾಡ್ಜರ್ಸ್‌ನ ಫ್ರೀಮನ್ ತನಗೆ ಬಂದ ಮೊದಲ ಬಾಲನ್ನೇ ಹೊರಗೆ ಹೊಡೆದ, ಮೂರು ಬೇಸ್‌ನಲ್ಲಿದ್ದವರೂ ಅವನೂ ಸೇರಿ 4 ರನ್, ಆಟ ಮುಗಿಯಿತು. ವರ್ಲ್ಡ್ ಸೀರೀಸ್‌ನಲ್ಲಿ ಅಂಥ ಹೊಡೆತದಲ್ಲಿ ಆಟ ಮುಗಿದದ್ದು ಅದೇ ಮೊದಲು. ಅದು ಪೂರ್ತಿ ಬೂನ್ ತಲೆ ಮೇಲೆ.

ಆದರೂ ಕಳಿಸಬಾರದು ಅಂತಲೇ ನನ್ನ ಮಾತು. ಆಟಗಾರರನ್ನು ಆರಿಸಿ ತರುವವ ಜನರಲ್ ಮ್ಯಾನೇಜರ್ ಬ್ರಯಾನ್ ಕ್ಯಾಶ್‌ಮನ್. 1998ರಿಂದ ಅದೇ ಕುರ್ಚಿಯಲ್ಲಿದ್ದಾನೆ. ಅಡುಗೆ ಭಟ್ಟರನ್ನು ಬದಲಿಸುತ್ತೀರಿ, ಸಾಮಾನು ತರುವವ ಅವನೇ. ಸಾರಿನ ರುಚಿ ಎಲ್ಲಿಂದ ಬರುತ್ತದೆ?

ಮಲ್ಪೆ ಅಂಡರ್‌ಆರ್ಮ್:

ನನಗೆ ಬೇಸ್‌ಬಾಲ್ ಗೊತ್ತಿಲ್ಲ. ಆದರೆ ಮ್ಯಾನೇಜರನ್ನು ತೆಗೆದು ಕೆಟ್ಟವನು ನಾನು, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಅಂಡರ್‌ಆರ್ಮ್ ಕ್ರಿಕೆಟ್ ತಂಡ. 14 ವರ್ಷ ಒಬ್ಬರೇ ಅಣ್ಣ ನೋಡಿಕೊಂಡರು. ಅವರ ನೀಲಿ ರೆಕ್ಸಿನ್ ಚೀಲದಲ್ಲಿ ಟೇಪು, ಬೆಲ್ಲ, ಒಂದು ಉದ್ದ ನೋಟ್‌ಬುಕ್. ಯಾರು ರಾತ್ರಿ ಬೋಟಿಗೆ ಹೋಗಿ ನಿದ್ದೆಯಿಲ್ಲದೆ ಬಂದಿದ್ದಾರೆ ಅಂತ ಮುಖ ನೋಡಿ ಹೇಳುತ್ತಿದ್ದರು, ಅವರಿಗೆ ಮೊದಲ ಓವರ್ ಕೊಡುತ್ತಿರಲಿಲ್ಲ. ಎರಡು ಫೈನಲ್ ಸೋತ ಮೇಲೆ ನಾವು ಹುಡುಗರೇ ಮೀಟಿಂಗ್ ಮಾಡಿ ಬಿಡಿಸಿದೆವು. ಮಾತಾಡಿದವರಲ್ಲಿ ನಾನೇ ಮುಂದೆ. ಅವರು ಏನೂ ಹೇಳಲಿಲ್ಲ, ಚೀಲ ಬೆಂಚಿನ ಮೇಲೆ ಇಟ್ಟು ಹೋದರು.

ಮುಂದಿನ ವರ್ಷ ಮೊದಲ ರೌಂಡಿನಲ್ಲೇ ಔಟ್. ಎಂಟ್ರಿ ಫೀಸ್ ಕಟ್ಟಲು ಕೊನೇ ದಿನ ಯಾವುದು ಅಂತಲೂ ನಮಗೆ ಗೊತ್ತಿರಲಿಲ್ಲ. ಆ ನೋಟ್‌ಬುಕ್ ಬಿಡಿಸಿದರೆ ಅವರ ಅಕ್ಷರ ಅವರಿಗೆ ಮಾತ್ರ ಅರ್ಥ.

ಕದ್ರಿಯವ:

ಸುರತ್ಕಲ್‌ನವರೇ, 1ನೇ ಆಟ ನೆನಪಿಸಿ ಗಾಯಕ್ಕೆ ಉಪ್ಪು ಹಾಕಿದಿರಿ, ಥ್ಯಾಂಕ್ಸ್. ಕ್ಯಾಶ್‌ಮನ್ ವಿಷಯ ಒಪ್ಪಿದೆ. ಕ್ಯಾಚ್ ವಿಷಯ ಒಪ್ಪುವುದಿಲ್ಲ. ಬಾಲ್ ಬಿಡುವುದು ಕೈಯ ತಪ್ಪು. ಫಸ್ಟ್ ಬೇಸ್‌ಗೆ ಓಡದೆ ನಿಲ್ಲುವುದು ಅಭ್ಯಾಸದ ತಪ್ಪು. ಅಭ್ಯಾಸ ಯಾರ ಜವಾಬ್ದಾರಿ?

ಹಳೇ ಮಾಲೀಕ ಜಾರ್ಜ್ ಸ್ಟೈನ್‌ಬ್ರೆನರ್ ಇದ್ದಿದ್ದರೆ ಬೂನ್ ಯಾವತ್ತೋ ಹೋಗುತ್ತಿದ್ದ. ಆದರೆ ಅವರ ಕಾಲದಲ್ಲಿ ಬಿಲ್ಲಿ ಮಾರ್ಟಿನ್ ಒಬ್ಬನೇ 5 ಸಲ ಮ್ಯಾನೇಜರ್ ಆಗಿ ಬಂದು 5 ಸಲ ಹೋದ. ಅದೂ ಒಂದು ತಮಾಷೆಯೇ, ಅಲ್ವಾ.

ಮಲ್ಪೆಯವರೇ, ಆ ಅಣ್ಣನನ್ನು ಮತ್ತೆ ಕರೆದಿರಾ?

ಮಲ್ಪೆ ಅಂಡರ್‌ಆರ್ಮ್:

ಕರೆಯಲು ನಾಲ್ಕು ಜನ ಹೋಗಿದ್ದೆವು. ಚಹಾ ಕೊಟ್ಟರು, ಗೋಳಿಬಜೆ ತರಿಸಿದರು. ತಂಡದ ಮಾತು ಮಾತ್ರ ಎತ್ತಲು ಬಿಡಲಿಲ್ಲ. ಚೀಲ ಈಗ ನನ್ನ ಹತ್ತಿರ ಉಂಟು.