ತುಮಕೂರಲ್ಲಿ ಮನೆ ಬಾಗಿಲಿಗೇ ಹೋಗಿ ಕಾರ್ ಡೀಟೇಲಿಂಗ್: ಕೈ ಹಾಕಲಾ?

ಕ್ಯಾತ್ಸಂದ್ರದವನು:
4 ವರ್ಷ ವಾಟರ್ ಸರ್ವೀಸಲ್ಲಿ ದುಡಿದೀನಿ. ಈಗ ನನ್ನ ಹಳೇ ಓಮ್ನಿಗೆ 200 ಲೀಟರ್ ಡ್ರಮ್ಮು, ಪ್ರೆಷರ್ ವಾಷರ್, ವ್ಯಾಕ್ಯೂಮ್ ಹಾಕ್ಕೊಂಡು ಮನೆಮನೆಗೆ ಹೋಗಿ ಕಾರಿನ ಒಳಗೂ ಹೊರಗೂ ಪೂರ್ತಿ ಕ್ಲೀನ್ ಮಾಡೋಣ ಅಂತ. ಭಯ ಒಂದೇ, ನೀರು. ಹೋದ ತಿಂಗಳು ಬಟವಾಡೀಲಿ ಮಾವನ ಕಪ್ಪು ಕಾರನ್ನ ಮಧ್ಯಾಹ್ನದ ಬಿಸಿಲಲ್ಲಿ ಬೋರ್ ನೀರಲ್ಲಿ ತೊಳೆದೆ. ಬಾನೆಟ್ ತುಂಬ ಬಿಳೀ ಚುಕ್ಕೆ! ಪಾಲಿಶ್ ಹಿಡಿದು ತೆಗೆಯೋಕೆ 2 ಗಂಟೆ ಆಯ್ತು. ಗಿರಾಕಿ ಕಾರಾಗಿದ್ರೆ?

ಶಿರಾ ಗೇಟ್ ಪೇಂಟರ್:
ತಮ್ಮಾ, ಗಡಸು ನೀರು ಆರಿದರೆ ಅದರ ಸುಣ್ಣದಂಶ ಪೇಂಟ್ ಮೇಲೇ ಕೂರುತ್ತೆ, ಬಿಸಿ ಬಾನೆಟ್ ಮೇಲಂತೂ ಕ್ಷಣದಲ್ಲಿ. ನೆರಳಲ್ಲಿ ನಿಲ್ಲಿಸು, ಒಂದೊಂದೇ ಭಾಗ ತೊಳೆದು ಆಗಲೇ ಮೈಕ್ರೋಫೈಬರಲ್ಲಿ ಒರೆಸು. ಕೊನೇ ಸಲಕ್ಕೆ ಮಾತ್ರ ಆರ್‌ಓ ನೀರು, 1 ಕ್ಯಾನ್ ಸಾಕು. ಬಕೆಟ್ ಎರಡಿರಲಿ, ಸೋಪಿಗೊಂದು, ಬಟ್ಟೆ ಜಾಲಿಸೋಕೊಂದು. ಒಂದೇ ಬಕೆಟ್ ಆದ್ರೆ ಬಟ್ಟೇಲಿ ಬಂದ ಮರಳೇ ಮತ್ತೆ ಪೇಂಟ್ ಗೀರುತ್ತೆ.

ಎಸ್‌ಐಟಿ ಬಡಾವಣೆಯ ಅಮ್ಮ:
ಹೊರಗಡೆ ನಾವೇ ತೊಳ್ಕೋತೀವಪ್ಪ. ನನ್ನ ಮಗು ಹಿಂದಿನ ಸೀಟಲ್ಲಿ ಹಾಲು ಚೆಲ್ಲಿ 3 ವಾರ ಆಯ್ತು, ಬಾಗಿಲು ತೆಗೆದ್ರೆ ಹುಳಿ ವಾಸನೆ. ಅದನ್ನ ಮನೆಗೇ ಬಂದು ತೆಗೀತೀನಿ ಅನ್ನೋರು ಸಿಕ್ರೆ ಇವತ್ತೇ ಕರೀತೀನಿ.

ಕ್ಯಾತ್ಸಂದ್ರದವನು:
ಅಕ್ಕಾ, ಸೀಟ್ ಶಾಂಪೂ ಹಾಕಿ ನೀರು ಹೀರೋ ವ್ಯಾಕ್ಯೂಮಲ್ಲಿ ಎಳೆದ್ರೆ ವಾಸನೆ ಬಹುಪಾಲು ಹೋಗುತ್ತೆ. ಒಣಗೋಕೆ ಅರ್ಧ ದಿನ ಬೇಕು, ಬೆಳಿಗ್ಗೇನೇ ಬರ್ತೀನಿ. ಅಣ್ಣಾ, ಸಣ್ಣ ವ್ಯಾಪಾರಕ್ಕೆ ಬ್ಯಾಂಕ್ ಕೊಡೋ ಮುದ್ರಾ ಶಿಶು ಸಾಲ 50,000 ರೂಪಾಯಿವರೆಗೆ ಸಿಗುತ್ತಲ್ಲ, ಮೊದಲು ಆ ವ್ಯಾಕ್ಯೂಮೇ ತಗೋತೀನಿ.