ಅಪ್‌ಡೇಟ್: ಮಗಳ ಕೃತಕ ಕಾಲು ಈಗ ಪಂದ್ಯದ ನಡುವೆ ಸಡಿಲವಾಗುತ್ತಿಲ್ಲ

ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡಿರುವ ನನ್ನ ಮಗಳು ಶಾಲಾ ತಂಡದಲ್ಲಿ ಫುಟ್‌ಬಾಲ್ ಆಡುವಾಗ, ದ್ವಿತೀಯಾರ್ಧದ ಹೊತ್ತಿಗೆ ಕೃತಕ ಕಾಲು ಸಡಿಲವಾಗುವುದಕ್ಕೆ ಪರಿಹಾರ ಕೇಳಿದ್ದೆ. ಪೌಡರ್ ಹಚ್ಚುವ ಸಲಹೆ ಫಲಿಸಲಿಲ್ಲ. ಬೆವರಿಗೆ ಅದು ಮುದ್ದೆಗಟ್ಟಿ ಚರ್ಮವನ್ನು ಉಜ್ಜಿತು. ವಿರಾಮದಲ್ಲಿ ಕೃತಕ ಕಾಲನ್ನು ಬಿಚ್ಚಿ, ಅದರೊಳಗೆ ಕಾಲಿಗೆ ತೊಡುವ ಮೆತ್ತನೆಯ ಸಿಲಿಕೋನ್ ಹೊದಿಕೆಯನ್ನು (ಲೈನರ್) ಒರೆಸಿ, ಅದರ ಮೇಲೆ ಇನ್ನೊಂದು ತೆಳು ಕಾಲುಚೀಲ ಸೇರಿಸಿ ಮತ್ತೆ ತೊಡಬೇಕೆಂಬ ಸಲಹೆಯೇ ಕೆಲಸಕ್ಕೆ ಬಂತು, ಏಕೆಂದರೆ ಓಡಾಟದಲ್ಲಿ, ಕತ್ತರಿಸಿದ ಕಾಲಿನ ಉಳಿದ ಭಾಗದ ಗಾತ್ರವೇ ತುಸು ಕುಗ್ಗುತ್ತದೆಯಂತೆ. ಲೋಹದ ಭಾಗಕ್ಕೆ ಫೋಮ್ ಹೊದಿಸಿದ್ದನ್ನು ರೆಫರಿ ಮುಟ್ಟಿ ನೋಡಿ ಒಪ್ಪಿದರು. ಅಂಗವಿಚ್ಛೇದಿತರ ಫುಟ್‌ಬಾಲಿನಲ್ಲಿ ತಂಡಕ್ಕೆ 7 ಮಂದಿಯಿದ್ದು, ಗೋಲ್‌ಕೀಪರ್ ಹೊರತು ಎಲ್ಲರೂ ಕೃತಕ ಕಾಲು ಕಳಚಿಟ್ಟು ಊರುಗೋಲಿನ ಮೇಲೆ ಆಡುತ್ತಾರೆಂಬುದು ನಮಗೆ ಹೊಸ ವಿಷಯ; ಅದನ್ನೂ ಕಲಿಯುವುದಾಗಿ ಅವಳು ಹಟ ಹಿಡಿದಿದ್ದಾಳೆ. ಮೊನ್ನೆ ಕೊನೆಯ ಸೀಟಿಯವರೆಗೂ ಆಡಿದಳು. ತಂಡ ಸೋತಿತು, ನನ್ನ ಜಂಬವೇನೂ ಕಡಿಮೆಯಾಗಲಿಲ್ಲ.