ಗಾಳಿ ತುಂಬುವ ಕಯಾಕ್ ನೆಟ್ಟಗೆ ಹೋಗ್ತಿಲ್ಲ, ಸಾಣಾಪುರ ಕೆರೆಗೆ ಒಂದು ದಿನದ ಪ್ಲ್ಯಾನ್ ಕೂಡ ಬೇಕು

ಬಳ್ಳಾರಿ_ಬಿಸಿಲು

ಎಲ್ಲರಿಗೂ ನಮಸ್ಕಾರ. ಇಬ್ಬರು ಕೂರುವ, ಗಾಳಿ ತುಂಬುವ ಕಯಾಕ್ ತಗೊಂಡಿದ್ದೇನೆ. ಸಾದಾ ಪಿವಿಸಿ, ಜಾಸ್ತಿ ಬೆಲೆಯದ್ದಲ್ಲ. ನಾಗರಹೊಳೆ ನ್ಯಾಷನಲ್ ಪಾರ್ಕ್ ಕಡೆ ಹೋಗಿ ಕಬಿನಿ ಹಿನ್ನೀರಿನಲ್ಲಿ ಒಂದು ಪೂರ್ತಿ ದಿನ ಹುಟ್ಟು ಹಾಕಬೇಕು ಅನ್ನೋದು ಆಸೆ. ಅಷ್ಟು ದೂರ ಹೋಗೋ ಮುಂಚೆ ಇಲ್ಲೇ ಕೈ ಪಳಗಲಿ ಅಂತ ಗಂಗಾವತಿ ತಾಲ್ಲೂಕಿನ ಸಾಣಾಪುರ ಕೆರೆಗೆ ಒಯ್ದಿದ್ದೆ.

ದಡದ ಹತ್ತಿರ ಇರೋವರೆಗೂ ಚೆನ್ನಾಗಿತ್ತು. ಸ್ವಲ್ಪ ಒಳಗೆ ಹೋದ ಮೇಲೆ ದೋಣಿ ಮಾತೇ ಕೇಳಲಿಲ್ಲ. ಬಲಗಡೆ ಹುಟ್ಟು ಹಾಕಿದರೆ ಮೂತಿ ಎಡಕ್ಕೆ, ಎಡಗಡೆ ಹಾಕಿದರೆ ಬಲಕ್ಕೆ, ಗಾಳಿ ಎದುರಾದಾಗಲಂತೂ ಪೂರ್ತಿ ಹಿಂದಕ್ಕೆ ಹೊರಳಿಬಿಡುತ್ತದೆ. ಇನ್ನೊಂದು, ಗಟ್ಟಿಯಾಗಿಯೇ ಗಾಳಿ ತುಂಬಿದ್ದೆ, ಸ್ವಲ್ಪ ಹೊತ್ತಿಗೆ ಮೆತ್ತಗಾಗಿ ನಡು ಬಾಗಿತು. ಪಂಕ್ಚರ್ ಅಂದುಕೊಂಡು ಮನೆಗೆ ತಂದು ಒಳಗೆ ತುಂಬಿಟ್ಟರೆ ಬೆಳಗಿನವರೆಗೂ ಒಂಚೂರೂ ಇಳಿಯಲಿಲ್ಲ.

ಇದು ದೋಣಿ ತಪ್ಪಾ, ಕೈ ತಪ್ಪಾ? ಸರಿಯಾದರೆ ಅಕ್ಕನ ಮಗನನ್ನೂ ಕರ್ಕೊಂಡು ಹೋಗ್ತೀನಿ, ಹನ್ನೊಂದು ವರ್ಷ ಅವನಿಗೆ.

ಹುಟ್ಟುಗೋಲು

ಕಬಿನಿ ವಿಷಯ ಮೊದಲು ಮುಗಿಸಿಬಿಡೋಣ ಅಣ್ಣ. ನಾಗರಹೊಳೆ ಒಳಗೆ ಸ್ವಂತ ದೋಣಿ ಇಳಿಸೋದು ಆಗದ ಮಾತು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ನ್ಯಾಷನಲ್ ಪಾರ್ಕ್ ಒಳಗೆ ಹೋಗುವಂತಿಲ್ಲ, ಕಾಲಲ್ಲಿ ಹೋದರೂ ಅಷ್ಟೇ, ನೀರಿನ ಮೇಲೆ ಹೋದರೂ ಅಷ್ಟೇ. ಅಲ್ಲಿರೋದು ಮೋಟಾರ್ ದೋಣಿಯ ಸಫಾರಿ, ಟಿಕೆಟ್ ತಗೊಂಡು ಕೂತು ನೋಡಬೇಕು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆನೆಗಳು ಹಿಂಡುಹಿಂಡಾಗಿ ಬರೋದೂ ಅದೇ ದಡಕ್ಕೆ, ಈಜಿ ದಾಟೋದೂ ಅದೇ ನೀರನ್ನ. ಕಾಡಿನ ನೀರಿನ ಮೇಲೆ ಹೋಗಲೇಬೇಕು ಅಂದರೆ ಕೇರಳದ ಪೆರಿಯಾರ್ ನೋಡಿ. ಅಲ್ಲಿ ಅರಣ್ಯ ಇಲಾಖೆಯವರೇ ಬಿದಿರಿನ ತೆಪ್ಪದಲ್ಲಿ ಕರೆದೊಯ್ಯುತ್ತಾರೆ, ಜೊತೆಗೆ ಬಂದೂಕು ಹಿಡಿದ ಗಾರ್ಡ್ ಇರ್ತಾರೆ.

ಈಗ ದೋಣಿಗೆ ಬರೋಣ. ಒಬ್ಬರೇ ಇದ್ರಾ? ಯಾವ ಸೀಟಲ್ಲಿ ಕೂತಿದ್ರಿ? ಕೆಳಗೆ ಫಿನ್ (ಬಾಲದ ಅಡಿಗೆ ಸಿಗಿಸುವ ಸಣ್ಣ ರೆಕ್ಕೆ) ಹಾಕಿದ್ರಾ? ಗಾಳಿ ತುಂಬಿದ್ದು ಎಷ್ಟು ಗಂಟೆಗೆ, ಎಲ್ಲಿ?

ಬಳ್ಳಾರಿ_ಬಿಸಿಲು

ಒಬ್ಬನೇ ಇದ್ದೆ. ಹಿಂದಿನ ಸೀಟು. ಫಿನ್ ಡಬ್ಬಿಯಲ್ಲೇ ಇದೆ, ದಡದಲ್ಲಿ ಬರೀ ಬಂಡೆ, ಮುರಿಯುತ್ತೆ ಅಂತ ಹಾಕಲಿಲ್ಲ. ತುಂಬಿದ್ದು ಹನ್ನೊಂದು ಗಂಟೆಗೆ, ರಸ್ತೆ ಪಕ್ಕದ ಬಂಡೆ ಮೇಲೆ ಹಾಸಿಕೊಂಡು.

ಹುಟ್ಟುಗೋಲು

ಹಾಗಾದರೆ ದೋಣಿ ಚೆನ್ನಾಗಿದೆ, ವಾಪಸ್ ಕಳಿಸೋಕೆ ಹೋಗಬೇಡಿ.

ಇಬ್ಬರ ದೋಣಿಯಲ್ಲಿ ಒಬ್ಬರೇ ಹಿಂದೆ ಕೂತರೆ ಮುಂಭಾಗ ನೀರಿನಿಂದ ಮೇಲೆದ್ದು ನಿಲ್ಲುತ್ತದೆ. ಗಾಳಿ ತುಂಬಿದ ದೋಣಿ ಮೊದಲೇ ಹಗುರ, ಪಕ್ಕದ ಕೊಳವೆಗಳು ಎತ್ತರ. ಮೇಲೆದ್ದ ಮೂತಿ ಗಾಳಿಗೆ ಸಿಕ್ಕರೆ ಹಿಂಭಾಗ ಒಂದೇ ನೀರಲ್ಲಿ ಊರಿಕೊಂಡು ಮುಂಭಾಗ ಅದರ ಸುತ್ತ ತಿರುಗುತ್ತದೆ. ನೀವು ಎಷ್ಟು ಬಲ ಹಾಕಿದರೂ ಸುಮ್ನೆ ಭುಜ ನೋವು. ಸೀಟು ಬಿಚ್ಚಿ ನಡುವಿಗೆ, ಬೇಕಾದರೆ ನಡುವಿಗಿಂತ ಒಂದು ಗೇಣು ಹಿಂದೆ ಕಟ್ಟಿಕೊಳ್ಳಿ. ಆಗಲೂ ಮೂತಿ ಎದ್ದರೆ ಮುಂದೆ ಒಂದು ನೀರಿನ ಕ್ಯಾನ್ ಇಟ್ಟು ಹಗ್ಗದಲ್ಲಿ ಬಿಗಿಯಿರಿ. ಹುಡುಗ ಬಂದಾಗ ಅವನು ಮುಂದೆ, ನೀವು ಹಿಂದೆ. ಆಗ ಈ ತಾಪತ್ರಯ ಅರ್ಧ ತಾನಾಗೇ ಹೋಗುತ್ತದೆ.

ಫಿನ್ ಹಾಕಲೇಬೇಕು. ಅಡಿ ಚಪ್ಪಟೆ ಇರುವ ದೋಣಿಗೆ ನೀರನ್ನು ಹಿಡಿದುಕೊಳ್ಳೋಕೆ ಬೇರೇನೂ ಇಲ್ಲ, ಅದಿಲ್ಲದಿದ್ದರೆ ಪ್ರತಿ ಹುಟ್ಟಿಗೂ ಬಾಲ ಜಾರುತ್ತದೆ. ಬಂಡೆ ಭಯ ಇದ್ದರೆ ಮೊಣಕಾಲು ಮಟ್ಟದ ನೀರಿಗೆ ದೋಣಿ ಎತ್ತಿಕೊಂಡು ಹೋಗಿ ಅಲ್ಲಿ ಹತ್ತಿ. ಇಳಿಯುವಾಗಲೂ ಅಲ್ಲೇ ಇಳಿಯಿರಿ, ದಡಕ್ಕೆ ನುಗ್ಗಿಸಬೇಡಿ.

ಹುಟ್ಟು ಹಾಕೋದರಲ್ಲಿ ಒಂದೇ ಮಾತು: ಪಾದದ ಹತ್ತಿರ ನೀರಿಗೆ ಇಳಿಸಿ, ಸೊಂಟದ ಹತ್ತಿರ ಎತ್ತಿಬಿಡಿ. ಸೊಂಟ ದಾಟಿ ಹಿಂದಕ್ಕೆ ಎಳೆದಷ್ಟೂ ದೋಣಿ ತಿರುಗುತ್ತದೆಯೇ ಹೊರತು ಮುಂದೆ ಹೋಗಲ್ಲ. ದೋಣಿಯ ಮೈಗೆ ಹತ್ತಿರ, ಸ್ವಲ್ಪ ನೆಟ್ಟಗೆ ಹಿಡಿದು ಹಾಕಿ. ಹರಿಗೋಲು ನಡೆಸುವ ನಮ್ಮ ಅಂಬಿಗರನ್ನು ನೋಡಿ ಕಲಿಯೋಕೆ ಹೋಗಬೇಡಿ. ಅದು ದುಂಡಗಿನ ದೋಣಿ, ಅವರು ಮುಂದೆ ನೀರು ಬಾಚಿ ಎಳೆದುಕೊಳ್ಳುತ್ತಾರೆ, ಆ ವಿದ್ಯೆಯೇ ಬೇರೆ.

ಇನ್ನು ಮೆತ್ತಗಾಗಿದ್ದು. ಬಿಸಿ ಬಂಡೆ ಮೇಲೆ ತುಂಬಿದ ಗಾಳಿಯೂ ಬಿಸಿಯಾಗೇ ಇರುತ್ತದೆ. ಕೆರೆ ನೀರಿಗೆ ಇಳಿಸಿದ ಕೂಡಲೇ ಅಡಿಯಿಂದ ತಣ್ಣಗಾಗಿ ಕುಗ್ಗುತ್ತದೆ. ಇಂಥ ದೋಣಿಗಳಿಗೆ ತುಂಬೋದೇ ಸುಮಾರು 1 ಪಿಎಸ್‌ಐ (ಟೈರಿಗೆ ಗಾಳಿ ಹಿಡಿಸುವಾಗ ನೋಡೋ ಒತ್ತಡದ ಅಳತೆ). ಹೊರಗಿನ ವಾತಾವರಣದ 14.7 ಅನ್ನೂ ಸೇರಿಸಿ ಲೆಕ್ಕ ಹಾಕಬೇಕು, ಅಲ್ಲೇ ಇರೋದು ಮಜಾ. 45 ಡಿಗ್ರಿಯಲ್ಲಿ 1 ಪಿಎಸ್‌ಐ ತುಂಬಿದ ದೋಣಿ ಪೂರ್ತಿ 25 ಡಿಗ್ರಿಗೆ ಇಳಿದರೆ, ಲೆಕ್ಕದ ಪ್ರಕಾರ ಆ 1 ಪಿಎಸ್‌ಐ ಹೆಚ್ಚುಕಡಿಮೆ ಸೊನ್ನೆ! ಮೇಲಿನ ಅರ್ಧಕ್ಕೆ ಬಿಸಿಲು ತಾಗುತ್ತಿರುತ್ತದೆ, ಅದಕ್ಕೇ ಅಷ್ಟು ಕೆಡದೆ ಬರೀ ನಡು ಬಾಗಿದೆ. ಬಾಗಿದ ದೋಣಿ ಇನ್ನೂ ಜಾಸ್ತಿ ಸುತ್ತುತ್ತದೆ, ಅಂದರೆ ನಿಮ್ಮ ಎರಡು ದೂರಿಗೂ ಸಂಬಂಧ ಇದೆ.

ನೆರಳಲ್ಲಿ ತುಂಬಿ, ದಡದ ನೀರಲ್ಲಿ ಹತ್ತು ನಿಮಿಷ ತೇಲಲು ಬಿಡಿ, ಆಮೇಲೆ ಪಂಪ್ ತಗೊಂಡು ಮೇಲಿಷ್ಟು ತುಂಬಿ. ಆದರೆ ಹೀಗೆ ತಣ್ಣಗೆ ತುಂಬಿದ ದೋಣಿಯನ್ನು ಮಧ್ಯಾಹ್ನ ಬಂಡೆ ಮೇಲೆ ಎಳೆದು ಊಟಕ್ಕೆ ಕೂತರೆ ಉಲ್ಟಾ ಆಗುತ್ತದೆ. 25ರಿಂದ 55 ಡಿಗ್ರಿಗೆ ಏರಿದರೆ ಅದೇ 1 ಪಿಎಸ್‌ಐ ಎರಡೂವರೆ ಮುಟ್ಟಬಹುದು. ಪಿವಿಸಿ ಹಿಗ್ಗೋದರಿಂದ ಸ್ವಲ್ಪ ಕಡಿಮೆ ಅನ್ನಿ, ಹೊಲಿಗೆ ಬಾಯಿ ಬಿಡೋಕೆ ಅಷ್ಟೇ ಸಾಕು. ನೀರಿಂದ ಎತ್ತಿದ ತಕ್ಷಣ ಪ್ರತಿ ವಾಲ್ವಿನಿಂದ ಒಂದಿಷ್ಟು ಗಾಳಿ ಬಿಡಿ.

ಸಾಣಾಪುರ_ಸಂಜೆ

ನಾನು ಗಂಗಾವತಿಯವಳು, ಕೆರೆ ಬಗ್ಗೆ ನಾನು ಹೇಳ್ತೀನಿ.

ಇದು ಮಳೆ ನೀರಿನ ಕೆರೆ ಅಂದುಕೊಳ್ಳಬೇಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಲ್ಲೋ ಜಾಗ. ಕಾಲುವೆಗೆ ಎಷ್ಟು ಬಿಟ್ಟಿದ್ದಾರೆ ಅನ್ನೋದರ ಮೇಲೆ ಮಟ್ಟ ಏರುತ್ತೆ, ಇಳಿಯುತ್ತೆ. ಹೋದ ವಾರ ಮುಳುಗಿದ್ದ ಬಂಡೆ ಈ ವಾರ ನೀರಿನ ಕೆಳಗೆ ನಾಲ್ಕು ಬೆರಳಲ್ಲಿ ಕಾದು ಕೂತಿರುತ್ತೆ. ಕಾಲುವೆ ಒಳಗೆ ಬರೋ ಜಾಗ, ಹೊರಗೆ ಹೋಗೋ ಜಾಗ, ಎರಡರ ಹತ್ತಿರವೂ ಸುಳಿಯಬೇಡಿ ಅಣ್ಣ. ಮೇಲಿಂದ ನೀರು ಶಾಂತವಾಗಿ ಕಾಣುತ್ತೆ, ಸೆಳೆತ ಇರುತ್ತೆ, ಗಾಳಿ ದೋಣಿಗೆ ಅದರ ಎದುರು ನಿಲ್ಲೋ ತಾಕತ್ತಿಲ್ಲ.

ದೋಣಿ ಹಾಸುವ ಮುಂಚೆ ನೆಲದ ಮೇಲೆ ಹಳೇ ತಾಡಪತ್ರಿ ಹಾಸಿ. ಎಲ್ಲೆಲ್ಲೂ ಬಳ್ಳಾರಿ ಜಾಲಿ, ಅದರ ಮುಳ್ಳು ಚಪ್ಪಲಿಯನ್ನೇ ದಾಟುತ್ತೆ, ಪಿವಿಸಿ ಯಾವ ಲೆಕ್ಕ. ನೀರು ಏರಿದಾಗ ದಡದ ಜಾಲಿ ಗಿಡಗಳೂ ಮುಳುಗಿರುತ್ತವೆ, ಅಂಥ ಕಡೆ ನುಗ್ಗಬೇಡಿ.

ಇಳಿಸೋ ಮುಂಚೆ ಅಲ್ಲಿನ ಹರಿಗೋಲಿನವರನ್ನು ಮಾತಾಡಿಸಿ. ಸ್ವಂತ ದೋಣಿಗೆ ಸದ್ಯ ಬಿಡ್ತಾರಾ ಇಲ್ವಾ ಅಂತ ಪಂಚಾಯಿತಿಯಲ್ಲೋ ನೀರಾವರಿ ಕಚೇರಿಯಲ್ಲೋ ಕೇಳಿಕೊಳ್ಳಿ, ಬೇಡ ಅಂದರೆ ವಾದ ಮಾಡಬೇಡಿ. ಬೇಡ ಅಂದ ದಿನ ಅವರ ಹರಿಗೋಲಲ್ಲೇ ಒಂದು ಸುತ್ತು ಹೋಗಿ ಬನ್ನಿ, ಯಾವ ಬಂಡೆ ಎಲ್ಲಿದೆ ಅಂತ ಅವರಷ್ಟು ಚೆನ್ನಾಗಿ ಯಾವ ಮ್ಯಾಪೂ ಹೇಳಲ್ಲ.

ಕೊಪ್ಪಳ_ಸೈಕಲ್

ಅಷ್ಟು ಸಣ್ಣ ಕೆರೆಗೆ ಯಾಕೆ ಗುರು, ಮುನಿರಾಬಾದ್ ಕಡೆಯಿಂದ ತುಂಗಭದ್ರಾ ಡ್ಯಾಂ ಹಿನ್ನೀರಿಗೇ ಇಳಿಸಬಹುದಲ್ವಾ? ಇಲ್ಲ ಅಂದರೆ ಆನೆಗುಂದಿ ಹತ್ತಿರ ನದಿಗೆ. ಫೋಟೋ ಸಖತ್ ಬರುತ್ತೆ.

ಹುಟ್ಟುಗೋಲು

ಎರಡೂ ಬೇಡ.

ಹಿನ್ನೀರು ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್. ಅದು ಡ್ಯಾಂನಿಂದ ನೈಋತ್ಯಕ್ಕೆ ಚಾಚಿಕೊಂಡಿದೆ, ಮುಂಗಾರಿನ ಗಾಳಿ ಬೀಸೋದೂ ಅದೇ ದಿಕ್ಕಿನಿಂದ. ತಡೆಯೋಕೆ ಗುಡ್ಡವೂ ಇಲ್ಲ, ಮರವೂ ಇಲ್ಲ, ಕಿಲೋಮೀಟರ್‌ಗಟ್ಟಲೆ ನೀರಿನ ಮೇಲೆ ಓಡಿ ಬಂದ ಅಲೆ ನಿಮ್ಮನ್ನು ತಳ್ಳೋದು ಎಲ್ಲಿಗೆ? ನೇರ ಡ್ಯಾಂ ಕಡೆಗೆ.  ಜೊತೆಗೆ ಮೀನುಗಾರರ ಬಲೆಗಳು. ಬಾಟಲಿ, ಥರ್ಮಾಕೋಲ್ ತೇಲ್ತಾ ಇದ್ದರೆ ಕೆಳಗೆ ಬಲೆ ಇದೆ ಅಂತ ಅರ್ಥ, ನಿಮ್ಮ ಫಿನ್ ಸಿಕ್ಕಿಕೊಂಡರೆ ನಿಮಗೂ ಕಷ್ಟ, ಅವರ ಬಲೆಯೂ ಹಾಳು.

ನದಿಯಂತೂ ದೂರದ ಮಾತು. ಕೊಪ್ಪಳದ ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿಲೋಮೀಟರ್ 2015ರಲ್ಲೇ ನೀರುನಾಯಿ ಸಂರಕ್ಷಣಾ ಮೀಸಲು ಆಗಿದೆ. ಬಂಡೆಗಳ ಸಂದಿಯಲ್ಲಿ ಸುಳಿ ಇದೆ, ಮೊಸಳೆ ಇದೆ. ಡ್ಯಾಂನಿಂದ ನೀರು ಯಾವಾಗ ಬರುತ್ತೆ ಅಂತ ದಡದಲ್ಲಿ ನಿಂತವರಿಗೆ ಗೊತ್ತಾಗಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು, ನೆನಪಿದೆ ತಾನೇ? ಅದು ಅಪರೂಪ, ಒಪ್ತೀನಿ. ಗೇಟ್ ಎತ್ತಿ ನೀರು ಬಿಡೋದು ಮಾತ್ರ ಪ್ರತಿ ಮಳೆಗಾಲದ ಕೆಲಸ.

ಬಳ್ಳಾರಿ_ಬಿಸಿಲು

ಆಯ್ತು, ಸಾಣಾಪುರವೇ. ಪ್ಲ್ಯಾನ್ ಹೀಗೆ: ಡಿಸೆಂಬರ್ ಅಥವಾ ಜನವರಿ ಭಾನುವಾರ. ಬೆಳಗ್ಗೆ ಏಳಕ್ಕೆ ಬಳ್ಳಾರಿ ಬಿಡೋದು, ಕಂಪ್ಲಿ ದಾಟಿ ಗಂಗಾವತಿಯಲ್ಲಿ ಒಗ್ಗರಣಿ ಮಿರ್ಚಿ, ಹತ್ತಕ್ಕೆ ನೀರಿಗೆ. ಗಾಳಿ ಬೆನ್ನಿಗಿದ್ದರೆ ಆರಾಮಾಗಿ ಆಚೆ ದಡಕ್ಕೆ ಹೋಗಿ ಊಟ, ನಾಲ್ಕಕ್ಕೆ ವಾಪಸ್. ಸರಿನಾ?

ಹುಟ್ಟುಗೋಲು

ತಿಂಗಳು ಸರಿ, ಉಳಿದದ್ದೆಲ್ಲ ತಿರುಗಿಸಿ ಹಾಕಿ.

ನಾಲ್ಕೂವರೆಗೆ ಬಳ್ಳಾರಿ ಬಿಡಿ. ದಾರಿಗೆ ಎರಡು ಗಂಟೆ ಹಿಡಿದರೆ ಬೆಳಕು ಹರಿಯುವ ಹೊತ್ತಿಗೆ ಕೆರೆ ಹತ್ತಿರ ಇರ್ತೀರಿ. ಚಳಿಗಾಲದ ಬೆಳಗ್ಗೆ ಇಲ್ಲಿ ಗಾಳಿ ಮಲಗಿರುತ್ತದೆ, ಬಿಸಿಲು ಏರಿದ ಹಾಗೆ ಏಳುತ್ತದೆ. ನೀರಿನ ಮೇಲಿರೋದು ಏಳರಿಂದ ಹತ್ತೂವರೆ. ಮಿರ್ಚಿ ಎಲ್ಲಿಗೂ ಓಡಿಹೋಗಲ್ಲ, ಬಂದ ಮೇಲೆ ತಿನ್ನಿ, ಹಸಿದಾಗ ಇನ್ನೂ ರುಚಿ. ದೋಣಿಯಲ್ಲಿ ಬಾಳೆಹಣ್ಣು, ಶೇಂಗಾ ಚಿಕ್ಕಿ, ತಲೆಗೆ ಮೂರು ಲೀಟರ್ ನೀರು ಇದ್ದರೆ ಸಾಕು.

ಗಾಳಿ ಬೆನ್ನಿಗಿಟ್ಟುಕೊಂಡು ಯಾವತ್ತೂ ಶುರು ಮಾಡಬೇಡಿ. ಹೋಗುವಾಗ ಸುಖವಾಗಿರುತ್ತದೆ, ದಡ ತಾನೇ ಹತ್ತಿರ ಬಂದ ಹಾಗೆ. ವಾಪಸ್ ಬರುವಾಗ ತೋಳು ಸೋತಿರುತ್ತದೆ, ಗಾಳಿ ಜೋರಾಗಿರುತ್ತದೆ, ಎದುರಿಗೆ ಬೇರೆ ಇರುತ್ತದೆ. ಗುಡಿಯ ಬಾವುಟವೋ ಮರದ ತುದಿಯೋ ನೋಡಿ, ಗಾಳಿ ಎಲ್ಲಿಂದ ಬರ್ತಿದೆಯೋ ಆ ಕಡೆಗೇ ಮೊದಲು ಹೋಗಿ. ಇಂಥ ದೋಣಿ ನಿಂತ ನೀರಲ್ಲಿ ಗಂಟೆಗೆ ಮೂರು ಕಿಲೋಮೀಟರ್ ಹೋದರೆ ದೊಡ್ಡದು, ಎದುರು ಗಾಳಿಯಲ್ಲಿ ಅದರ ಅರ್ಧ. ಅದಕ್ಕೇ ದೂರ ನೋಡಬೇಡಿ, ಗಡಿಯಾರ ನೋಡಿ. ಎಲ್ಲೇ ಇರಲಿ, ಎಂಟೂವರೆಗೆ ಮೂತಿ ತಿರುಗಿಸಿಬಿಡಿ. ಬೇಗ ಮುಟ್ಟಿದರೆ ದಡದ ಅಂಚಲ್ಲೇ ಆಡಿಕೊಂಡಿರಿ, ಯಾರೂ ಬೇಡ ಅನ್ನಲ್ಲ.

ಅಲೆಗಳ ತಲೆಯಲ್ಲಿ ಅಲ್ಲಲ್ಲಿ ಬಿಳಿ ನೊರೆ ಒಡೆಯೋಕೆ ಶುರುವಾದರೆ ಗಾಳಿ ಗಂಟೆಗೆ 15ರಿಂದ 20 ಕಿಲೋಮೀಟರ್ ಆಸುಪಾಸಿಗೆ ಬಂದಿದೆ. ಆಗ ಹತ್ತಿರದ ದಡ ಯಾವುದೋ ಅದಕ್ಕೆ ಹೋಗಿ ಇಳಿಯಿರಿ, ರಸ್ತೆ ಮೇಲೆ ನಡ್ಕೊಂಡು ಬಂದು ಗಾಡಿ ತಗೊಂಡು ಹೋದರಾಯ್ತು. ಏಪ್ರಿಲ್-ಮೇನಲ್ಲಿ ಸಂಜೆ ಮೋಡ ಕಟ್ಟಿದರೆ ನೀರಿಗೇ ಇಳಿಯಬೇಡಿ, ಗುಡುಗಿನ ಮುಂಚೆ ಬರೋ ಆ ಗಾಳಿ ಹೇಳಿ ಕೇಳಿ ಬರಲ್ಲ.

ಸಾಣಾಪುರ_ಸಂಜೆ

ಮಳೆಗಾಲದಲ್ಲಿ ಯಾರಾದರೂ ಇದನ್ನು ಓದಿದರೆ: ಕಂಪ್ಲಿ ಸೇತುವೆ ಮುಳುಗಿದೆ ಅಂತ ಸುದ್ದಿ ಬಂದರೆ ಸುತ್ತಿ ಬರೋ ದಾರಿ ಹುಡುಕಬೇಡಿ, ಆ ವಾರ ಮನೆಯಲ್ಲೇ ಇರಿ.

ಬಳ್ಳಾರಿ_ಬಿಸಿಲು

ಸರಿ, ಎಂಟೂವರೆ ಅಲಾರಾಂ ಇಟ್ಕೋತೀನಿ. ಕೊನೇದು, ಹುಡುಗನಿಗೆ ಲೈಫ್ ಜಾಕೆಟ್. ಅವನಿಗೆ ಈಜು ಅಷ್ಟಕ್ಕಷ್ಟೇ. ದೋಣಿ ಜೊತೆ ಬಂದದ್ದು ದೊಡ್ಡವರದು, ಅದನ್ನೇ ಬಿಗಿದು ಕಟ್ಟಿದರೆ ನಡೆಯುತ್ತಾ?

ಹುಟ್ಟುಗೋಲು

ನಡೆಯಲ್ಲ. ದೊಡ್ಡವರದ್ದು ಹಾಕಿದರೆ ಜಾಕೆಟ್ ತೇಲುತ್ತದೆ, ಹುಡುಗ ಕೆಳಗೆ ಜಾರುತ್ತಾನೆ. ವಯಸ್ಸು ನೋಡಿ ಕೊಳ್ಳಬೇಡಿ, ತೂಕ ನೋಡಿ, ಒಳಗಡೆ ಚೀಟಿಯಲ್ಲಿ ಎಷ್ಟು ಕೆಜಿಗೆ ಅಂತ ಬರೆದಿರುತ್ತದೆ. ಎಷ್ಟು ತೇಲಿಸುತ್ತೆ ಅನ್ನೋದನ್ನ ನ್ಯೂಟನ್ ಲೆಕ್ಕದಲ್ಲಿ ಹಾಕಿರ್ತಾರೆ, 50 ನ್ಯೂಟನ್ ಅಂತ ಇದ್ದರೆ ಅದು ಈಜು ಚೆನ್ನಾಗಿ ಬರುವವರಿಗೆ. ಅವನಿಗೆ ಕತ್ತಿನ ಹಿಂದೆ ದಿಂಬಿನ ಥರ ಇರುವ 100 ನ್ಯೂಟನ್‌ದು ಬೇಕು, ತೊಡೆ ಸಂದಿಯಿಂದ ಬರುವ ಪಟ್ಟಿ ಇರಲೇಬೇಕು. ಕಟ್ಟಿದ ಮೇಲೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಿ, ಜಾಕೆಟ್ ಗದ್ದ ದಾಟಿ ಕಿವಿವರೆಗೆ ಬಂದರೆ ಅದು ಅವನ ಅಳತೆಯದ್ದಲ್ಲ.

ಮೊದಲ ದಿನ ಒಳಗೆ ಹೋಗೋ ಮುಂಚೆ ಸೊಂಟದ ನೀರಲ್ಲಿ ದೋಣಿ ಬೇಕಂತಲೇ ಮಗುಚಿ. ಅವನು ದೋಣಿ ಹಿಡ್ಕೊಂಡು ಇರೋದು ಕಲೀಲಿ, ನೀವು ಅದನ್ನು ತಿರುಗಿಸಿ ಪಕ್ಕದಿಂದ ಹತ್ತೋದು ಕಲೀರಿ. ಹುಡುಗರಿಗೆ ಅದೇ ಜಾಸ್ತಿ ಖುಷಿ ಕೊಡುತ್ತದೆ, ಬಟ್ಟೆ ಇನ್ನೊಂದು ಜೊತೆ ಇಟ್ಕೊಳ್ಳಿ.